ಒಂದೇ ಪಂಪಿಗೆ ನಾಲ್ಕು ಬೆಲೆ: ದೋಣಿ ಸಾಮಾನಿನ ದರ ಊರಿಂದೂರಿಗೆ ಏಕೆ ಬದಲಾಗುತ್ತದೆ?

ಪ್ರಶ್ನೆ: ಕುಂಬಳೆಯ ಬಳಿ ಶಿರಿಯ ಹೊಳೆಯ ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲೆಂದು 22 ಅಡಿಯ ಫೈಬರ್ ದೋಣಿಯೊಂದನ್ನು ಸಜ್ಜುಗೊಳಿಸುತ್ತಿದ್ದೇನೆ. ದೋಣಿಯ ತಳದಲ್ಲಿ ನಿಲ್ಲುವ ನೀರನ್ನು ಎತ್ತುವ ಬಿಲ್ಜ್ ಪಂಪು, ಲೈಫ್ ಜಾಕೆಟ್, ಲಂಗರಿನ ಹಗ್ಗ ಮತ್ತು ಅದನ್ನು ಜೋಡಿಸುವ ಸ್ಟೀಲಿನ ಕೊಂಡಿಯಾದ ಶಾಕಲ್, ಒಂದು ಫಿಶ್ ಫೈಂಡರ್, ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಇಂಜಿನ್ ಬೇಕಾಗಿವೆ. ಬೆಲೆ ವಿಚಾರಿಸಿದರೆ ಮಂಗಳೂರು ಬಂದರಿನಲ್ಲಿ ಒಂದು, ಕೊಚ್ಚಿಯಲ್ಲಿ ಇನ್ನೊಂದು, ಶಾರ್ಜಾದಲ್ಲಿರುವ ಭಾವ ಹೇಳುವುದು ಮತ್ತೊಂದು. ಅಮೆರಿಕದ ದರಪಟ್ಟಿಯಲ್ಲಂತೂ ಅದೇ ಪಂಪಿಗೆ ಇಲ್ಲಿನ ಅರ್ಧದಷ್ಟೇ ಬೆಲೆ. ನಮ್ಮ ಅಂಗಡಿಯವರು ಸುಲಿಯುತ್ತಿದ್ದಾರೆಯೇ? ಎಲ್ಲವನ್ನೂ ಭಾವನ ಕೈಯಲ್ಲಿ ತರಿಸಿಕೊಂಡರೆ ಆಗದೇ?

ಉತ್ತರ: ಸುಲಿಯುವವರು ಇಲ್ಲವೆಂದು ನಾನು ಹೇಳಲಾರೆ. ಆದರೆ ನೀವು ಕಂಡ ಅಂತರದ ದೊಡ್ಡ ಪಾಲು ಸುಲಿಗೆಯದ್ದಲ್ಲ. ಮಂಗಳೂರು ಧಕ್ಕೆಯ ಆಸುಪಾಸಿನಲ್ಲಿ ಹಲವು ವರ್ಷ ದೋಣಿ ಸಾಮಾನು ಮಾರಿ, ನಡುವೆ ಕೆಲವು ವರ್ಷ ಶಾರ್ಜಾದಲ್ಲಿ ಇಂಥದೇ ಅಂಗಡಿಯ ಲೆಕ್ಕ ಬರೆದವನಾದ್ದರಿಂದ, ಒಂದೇ ಪೆಟ್ಟಿಗೆಯ ಮೇಲೆ ಎರಡು ದೇಶಗಳಲ್ಲಿ ಎರಡು ಬೆಲೆ ಬರೆಯುವ ಕೆಲಸವನ್ನು ನಾನೇ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಬೆಲೆಗಳನ್ನು ಹೋಲಿಸುವ ಮೊದಲು ನೀವು ವಿಚಾರಿಸಿದ್ದು ನಾಲ್ಕೂ ಕಡೆ ಒಂದೇ ವಸ್ತುವನ್ನೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹತ್ತರಲ್ಲಿ ಐದಾರು ಸಲ ಅದು ಬೇರೆಯೇ ವಸ್ತುವಾಗಿರುತ್ತದೆ.

ಪಂಪಿನಿಂದಲೇ ಆರಂಭಿಸೋಣ. ಅದರ ಮೇಲೆ ಗಂಟೆಗೆ 1,100 ಗ್ಯಾಲನ್ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಅಮೆರಿಕದ ಗ್ಯಾಲನ್ ಎಂದರೆ 3.785 ಲೀಟರ್, ಬ್ರಿಟಿಷ್ ಗ್ಯಾಲನ್ ಎಂದರೆ 4.546 ಲೀಟರ್. ಅಂದಮೇಲೆ ಅದೇ ಸಂಖ್ಯೆ ಒಂದು ಲೆಕ್ಕದಲ್ಲಿ ಸುಮಾರು 4,160 ಲೀಟರ್, ಇನ್ನೊಂದು ಲೆಕ್ಕದಲ್ಲಿ 5,000 ಲೀಟರ್ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪೆಟ್ಟಿಗೆಯ ಮೇಲಿನ ದೊಡ್ಡಕ್ಷರದ ಸಂಖ್ಯೆ ಸಾಮಾನ್ಯವಾಗಿ ನೀರನ್ನು ಸ್ವಲ್ಪವೂ ಮೇಲೆತ್ತದೆ, ಪೈಪನ್ನೇ ಜೋಡಿಸದೆ, ಇಂಜಿನ್ ಚಾಲೂ ಇರುವಾಗ ಬ್ಯಾಟರಿಗೆ ಸಿಗುವ 13.6 ವೋಲ್ಟ್‌ನಲ್ಲಿ ಓಡಿಸಿ ಅಳೆದದ್ದು. ನಿಮ್ಮ ದೋಣಿಯಲ್ಲಿ ಅದೇ ಪಂಪು ಮೂರಡಿ ಎತ್ತರಕ್ಕೆ, ತಿರುವುಗಳಿರುವ ಪೈಪಿನಲ್ಲಿ, ಇಳಿದ ಬ್ಯಾಟರಿಯಲ್ಲಿ ನೀರೆತ್ತಬೇಕು. ಆಗ ಸಿಗುವ ನೀರು ಬರೆದದ್ದಕ್ಕಿಂತ ಬಹಳ ಕಡಿಮೆ. ಪ್ರಾಮಾಣಿಕ ತಯಾರಕರು ಎತ್ತರಕ್ಕೆ ತಕ್ಕ ಅಂಕಿಗಳನ್ನೂ ಸಣ್ಣಕ್ಷರದಲ್ಲಿ ಮುದ್ರಿಸುತ್ತಾರೆ, ಅಗ್ಗದ ಪಂಪಿನವರು ದೊಡ್ಡ ಅಂಕಿಯಲ್ಲೇ ನಿಲ್ಲಿಸುತ್ತಾರೆ. ಹೀಗಾಗಿ 1,100 ಎಂದು ಬರೆದ ಎರಡು ಪಂಪುಗಳು ಬೆಲೆಯಲ್ಲಿ ಮಾತ್ರವಲ್ಲದೆ ಕೆಲಸದಲ್ಲೂ ಬೇರೆಬೇರೆಯಾಗಿರುವುದು ಸಾಮಾನ್ಯ.

ಇನ್ನು ‘ಮರೈನ್’ ಎಂಬ ಎರಡೂವರೆ ಅಕ್ಷರ. ಅದು ಅಂಟಿಕೊಂಡೊಡನೆ ಬೆಲೆ ಏರುತ್ತದೆ ಎಂದು ಧಕ್ಕೆಯಲ್ಲಿ ಎಲ್ಲರೂ ಗೊಣಗುತ್ತಾರೆ. ಕೆಲವು ಸಾಮಾನುಗಳ ಮಟ್ಟಿಗೆ ಆ ಗೊಣಗಾಟ ನ್ಯಾಯವೇ. ಬಕೆಟ್ಟಿಗೂ ಕುಶನ್ನಿಗೂ ಆ ಪದ ಅಂಟಿಸಿ ಮಾರುವುದನ್ನು ನಾನು ನೋಡಿದ್ದೇನೆ. ಆದರೆ ಪೆಟ್ರೋಲ್ ಇಂಜಿನ್ನಿನ ದೋಣಿಯಲ್ಲಿ ತಳಕ್ಕೆ ಕೂರುವ ಪಂಪು, ಸ್ವಿಚ್ಚು, ಆಲ್ಟರ್ನೇಟರುಗಳ ವಿಷಯ ಬೇರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲೇ ಶೇಖರವಾಗುತ್ತದೆ, ಅಲ್ಲಿ ಒಂದು ಕಿಡಿ ಸಾಕು. ಕಿಡಿ ಹೊರಬಾರದಂತೆ ಮುಚ್ಚಿ, ಹಾಗೆಂದು ಪರೀಕ್ಷೆಗೆ ಒಳಪಡಿಸಿದ ಮೋಟಾರಿಗೆ ಕಾರಿನ ಮೋಟಾರಿಗಿಂತ ಹೆಚ್ಚು ಖರ್ಚು ತಗಲುವುದು ಸಹಜ. ವೈರಿನಲ್ಲೂ ಹೀಗೆಯೇ. ತವರ ಲೇಪಿಸಿದ ತಾಮ್ರದ ವೈರು ದುಬಾರಿ. ಲೇಪವಿಲ್ಲದ ತಾಮ್ರ ಉಪ್ಪುಗಾಳಿಯಲ್ಲಿ ಬೇಗನೆ ಹಸಿರುಗಟ್ಟುತ್ತದೆ.

ಸ್ಟೀಲಿನ ಶಾಕಲ್‌ನ ವಿಷಯದಲ್ಲಿ ನನಗೇ ಮೋಸವಾಗಿದೆ. ಒಮ್ಮೆ ಸಗಟು ವ್ಯಾಪಾರಿಯೊಬ್ಬರು 316 ದರ್ಜೆಯದೆಂದು ಕೊಟ್ಟ ಶಾಕಲ್‌ಗಳನ್ನು ನಂಬಿ ಮಾರಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ಚಹಾದ ಕಲೆಯಂತೆ ಕೆಂಪಗಾಗಿ ಗಿರಾಕಿಗಳ ಜೊತೆ ಮರಳಿ ಬಂದವು. ಅವು 304 ದರ್ಜೆಯವಾಗಿದ್ದವು. 316ರಲ್ಲಿ ನಿಕಲ್ ಹೆಚ್ಚು, ಅದರ ಮೇಲೆ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪುನೀರಿನಲ್ಲಿ ಕಾಪಾಡುವುದು ಅದೇ. ಅಯಸ್ಕಾಂತ ಹಿಡಿದು ನೋಡಿದರೆ ತಿಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ಅದು ತಪ್ಪು, ಎರಡೂ ದರ್ಜೆಗಳು ಅಯಸ್ಕಾಂತಕ್ಕೆ ಹೆಚ್ಚಾಗಿ ಅಂಟುವುದಿಲ್ಲ. ಮಾಲಿಬ್ಡಿನಮ್ ಪತ್ತೆ ಮಾಡುವ ಹನಿದ್ರಾವಣ ಸಿಗುತ್ತದೆ, ಒಂದು ಹನಿ ಹಾಕಿದರೆ ಬಣ್ಣದಿಂದ ತಿಳಿಯುತ್ತದೆ. ನಿಕಲ್‌ನ ಬೆಲೆಯೂ ಚಂಚಲವಾದದ್ದು. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕಲ್ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿದಾಗ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. ಅಂಥ ಸಮಯದಲ್ಲಿ ಹಳೆಯ ದಾಸ್ತಾನು ಇಟ್ಟುಕೊಂಡ ಅಂಗಡಿಗೂ ಹೊಸದಾಗಿ ಸರಕು ತರಿಸಿದ ಅಂಗಡಿಗೂ ಬೆಲೆಯಲ್ಲಿ ಅಜಗಜಾಂತರ ಕಾಣುತ್ತದೆ, ಇಬ್ಬರಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ಶಾಕಲ್ ಕೊಳ್ಳುವಾಗ ಇನ್ನೊಂದನ್ನೂ ಕೇಳಿ: ಅದರ ಮೇಲೆ ಬರೆದ ಭಾರ ತುಂಡಾಗುವ ಭಾರವೋ, ಸುರಕ್ಷಿತವಾಗಿ ಹೊರಬಹುದಾದ ಭಾರವೋ? ಮೊದಲನೆಯದು ಎರಡನೆಯದಕ್ಕಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚಿರುವುದು ವಾಡಿಕೆ. ಒಬ್ಬರು ಅದನ್ನು, ಇನ್ನೊಬ್ಬರು ಇದನ್ನು ಹೇಳಿದರೆ ಬೆಲೆಗಳ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಹಗ್ಗದ ಲೆಕ್ಕ ಇನ್ನೂ ಸೂಕ್ಷ್ಮ. ನಮ್ಮ ಬಂದರಿನಲ್ಲಿ ಹಗ್ಗವನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ಹೊರದೇಶದ ದರಪಟ್ಟಿಗಳಲ್ಲಿ ಮೀಟರಿಗೆ ಇಷ್ಟು ಎಂದಿರುತ್ತದೆ. ನೈಲಾನ್ ಪಾಲಿಪ್ರೊಪಿಲೀನ್‌ಗಿಂತ ಸುಮಾರು ಕಾಲುಪಾಲು ಹೆಚ್ಚು ಭಾರ. ಹಾಗಾಗಿ ಒಂದೇ ದಪ್ಪದ ಹಗ್ಗದಲ್ಲಿ ಒಂದು ಕಿಲೋ ನೈಲಾನ್ ಕೊಟ್ಟರೆ ಉದ್ದ ಕಡಿಮೆ ಸಿಗುತ್ತದೆ. ಪಾಲಿಪ್ರೊಪಿಲೀನ್ ಅಗ್ಗವೆಂದು ಲಂಗರಿಗೆ ಕಟ್ಟುವವರಿದ್ದಾರೆ. ಅದು ಹಿಗ್ಗುವುದು ಕಡಿಮೆ, ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ, ಮೇಲಾಗಿ ನೀರಿನ ಮೇಲೆ ತೇಲುವುದರಿಂದ ಅಳಿವೆಯಂಥ ಜಾಗದಲ್ಲಿ ಬೇರೆ ದೋಣಿಯ ಪ್ರೊಪೆಲರಿಗೆ ಸುತ್ತಿಕೊಳ್ಳುವ ಭಯವಿದೆ. ಲಂಗರಿಗೆ ಹಿಗ್ಗುವ ನೈಲಾನೇ ಸೂಕ್ತವೆಂಬುದು ನನ್ನ ಅಭಿಪ್ರಾಯ.

ಲೈಫ್ ಜಾಕೆಟ್ಟಿನ ಬೆಲೆ ಒಂದಕ್ಕೆ ಐದು ಪಟ್ಟು ವ್ಯತ್ಯಾಸವಾಗುವುದನ್ನು ಕಂಡು ನೀವು ಬೆರಗಾಗಿರಬಹುದು. ಐರೋಪ್ಯ ಮಾನದಂಡದಲ್ಲಿ ತೇಲಿಸುವ ಬಲವನ್ನು ನ್ಯೂಟನ್‌ಗಳಲ್ಲಿ ಹೇಳುತ್ತಾರೆ: 50, 100, 150, 275. ಐವತ್ತರದ್ದು ಈಜು ಬಲ್ಲವರಿಗೆ, ದಡದ ಸಮೀಪ ಬಳಸಲು ಇರುವ ಸಹಾಯಕ ಮಾತ್ರ; ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲೆ ತಿರುಗಿಸದು. ಹಡಗುಗಳಿಗಾಗಿ ಇರುವ ಅಂತಾರಾಷ್ಟ್ರೀಯ ನಿಯಮದ ಜಾಕೆಟ್ಟು ಪ್ರಜ್ಞಾಹೀನರನ್ನು ಕೆಲವೇ ಸೆಕೆಂಡುಗಳಲ್ಲಿ ಮಗುಚಿ ಬಾಯಿಯನ್ನು ನೀರಿನಿಂದ 120 ಮಿಲಿಮೀಟರ್ ಮೇಲೆ ನಿಲ್ಲಿಸಬೇಕು, 24 ಗಂಟೆ ಸಿಹಿನೀರಿನಲ್ಲಿ ಮುಳುಗಿದ್ದರೂ ತೇಲುವ ಬಲ ಶೇಕಡಾ 5ಕ್ಕಿಂತ ಹೆಚ್ಚು ಕುಗ್ಗಬಾರದು. ಈ ಪರೀಕ್ಷೆಗಳಿಗೆ, ಅವುಗಳ ಪ್ರಮಾಣಪತ್ರಕ್ಕೆ ಹಣ ಬೇಕು, ಅದು ಬೆಲೆಗೆ ಸೇರುತ್ತದೆ. ಕಿತ್ತಳೆ ಬಟ್ಟೆಯೊಳಗೆ ಯಾವುದೋ ಫೋಮು ತುಂಬಿ ಹೊಲಿದ ಜಾಕೆಟ್ಟಿಗೆ ಈ ಖರ್ಚು ಯಾವುದೂ ಇಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ತೀರಿಕೊಂಡದ್ದು ನಿಮಗೆ ಗೊತ್ತಿದೆ. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದಾಗಿತ್ತು. ಪ್ರವಾಸಿಗರನ್ನು ಕೂರಿಸುವ ನೀವು ಈ ಒಂದು ಸಾಮಾನಿನಲ್ಲಿ ಬೆಲೆಯನ್ನು ಹೋಲಿಸಲು ಹೋಗಬೇಡಿ, ಪ್ರಮಾಣಪತ್ರವನ್ನು ಹೋಲಿಸಿ. ಮಕ್ಕಳ ಅಳತೆಯವನ್ನು ಬೇರೆಯಾಗಿಯೇ ತೆಗೆದುಕೊಳ್ಳಿ.

ವಸ್ತು ಒಂದೇ ಎಂದು ಖಚಿತವಾದ ಮೇಲೆ ಉಳಿಯುವ ಅಂತರದಲ್ಲಿ ಹೆಚ್ಚಿನದು ತೆರಿಗೆ ಮತ್ತು ಸಾಗಣೆಯದ್ದು. ಅಮೆರಿಕದ ದರಪಟ್ಟಿಯಲ್ಲಿ ಕಾಣುವುದು ತೆರಿಗೆ ಸೇರದ ಬೆಲೆ; ಅಲ್ಲಿ ಮಾರಾಟ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆರೆಗನ್‌ನಲ್ಲಿ ಅದು ಇಲ್ಲವೇ ಇಲ್ಲ. ಯುರೋಪಿನಲ್ಲಿ ಗ್ರಾಹಕರಿಗೆ ತೋರಿಸುವ ಬೆಲೆಯೊಳಗೆ ಮೌಲ್ಯವರ್ಧಿತ ತೆರಿಗೆ ಸೇರಿರುತ್ತದೆ: ಜರ್ಮನಿಯಲ್ಲಿ ಶೇಕಡಾ 19, ಹಂಗೇರಿಯಲ್ಲಿ 27. ನಮ್ಮಲ್ಲಿ ಪೊಟ್ಟಣದ ಮೇಲೆ ಮುದ್ರಿಸುವ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರಬೇಕು. ಹೀಗೆ ಮೂರು ರೀತಿಯ ಬೆಲೆಗಳನ್ನು ಪಕ್ಕಪಕ್ಕ ಇಟ್ಟರೆ ಅಮೆರಿಕದ್ದು ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ.

ಅಲ್ಲಿಂದ ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. ವಸ್ತುವಿನ ಬೆಲೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಸಾಗಣೆ ಮತ್ತು ವಿಮೆಯ ನಿಜವಾದ ಖರ್ಚು ತಿಳಿಯದಿದ್ದಲ್ಲಿ ಕಸ್ಟಮ್ಸ್‌ನವರು ಬೆಲೆಯ ಶೇಕಡಾ 20 ಸಾಗಣೆಗೆ, 1.125 ವಿಮೆಗೆ ಎಂದು ಸೇರಿಸುತ್ತಾರೆ. ಮೌಲ್ಯ 12,112 ರೂಪಾಯಿ 50 ಪೈಸೆ ಆಯಿತು. ಮೂಲ ಸುಂಕ ವಸ್ತುವಿನಿಂದ ವಸ್ತುವಿಗೆ ಬೇರೆಯಾದರೂ ಇಲ್ಲಿ ಶೇಕಡಾ 10 ಎಂದು ಭಾವಿಸೋಣ. ಆ ಸುಂಕದ ಮೇಲೆ ಹತ್ತನೇ ಒಂದರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ ಬೀಳುತ್ತದೆ. ಇವೆಲ್ಲ ಸೇರಿ ಬಂದ ಮೊತ್ತದ ಮೇಲೆ ಶೇಕಡಾ 18 ಜಿಎಸ್‌ಟಿ ಹಾಕಿದರೆ ಒಟ್ಟು 15,865 ರೂಪಾಯಿ. ತೆರಿಗೆಯ ಮೇಲೆ ತೆರಿಗೆ ಕೂರುವುದರಿಂದ ಒಂದೊಂದಾಗಿ ಕೂಡಿದವರಿಗೆ ಈ ಮೊತ್ತ ಸಿಗುವುದಿಲ್ಲ. ಇದಕ್ಕೆ ಆಮದುದಾರರ ಬಂಡವಾಳದ ಬಡ್ಡಿ, ಗೋದಾಮಿನ ಬಾಡಿಗೆ, ಮಂಗಳೂರಿನವರ ಲಾಭ ಸೇರಿದರೆ ನಿಮಗೆ ಹೇಳಿದ ಬೆಲೆಗೆ ಬಂದು ನಿಲ್ಲುತ್ತದೆ. ದುಬೈ–ಶಾರ್ಜಾದಲ್ಲಿ ಸಾಮಾನ್ಯವಾಗಿ ಸುಂಕ ಶೇಕಡಾ 5, ಅದರ ಮೇಲೆ 2018ರಿಂದ ಬಂದ ಮೌಲ್ಯವರ್ಧಿತ ತೆರಿಗೆ ಶೇಕಡಾ 5. ನೂರಕ್ಕೆ ಹತ್ತೂಕಾಲು ಮಾತ್ರ. ಸಾಲದ್ದಕ್ಕೆ ಜೆಬೆಲ್ ಅಲಿಯ ಮುಕ್ತ ವಲಯ 1985ರಿಂದಲೂ ಸುತ್ತಲಿನ ದೇಶಗಳಿಗೆ ಗೋದಾಮಿನಂತೆ ಕೆಲಸ ಮಾಡುತ್ತಿದೆ, ಸರಕು ಅಲ್ಲಿ ಕಂಟೈನರುಗಟ್ಟಲೆ ಬಂದಿಳಿಯುತ್ತದೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ. ಆದ್ದರಿಂದ ರೂಪಾಯಿ ಕುಸಿದಾಗ ನಿಮ್ಮ ಭಾವ ಹೇಳುವ ದಿರ್ಹಮ್ ಬೆಲೆ ಕದಲದಿದ್ದರೂ ನಿಮ್ಮ ಲೆಕ್ಕದಲ್ಲಿ ಅದು ಏರುತ್ತದೆ. ಹೋದ ವರ್ಷ ಕೇಳಿದ ದರವನ್ನು ಈ ವರ್ಷ ಹಿಡಿದುಕೊಂಡು ಕೂರಬಾರದು.

ದೇಶದೊಳಗೇ ಒಂದು ವಸ್ತುವಿಗೆ ಎರಡು ತೆರಿಗೆ ಬೀಳುವ ವಿಚಾರ ಬಹಳ ಜನರಿಗೆ ತಿಳಿದಿಲ್ಲ. ಮೀನುಗಾರಿಕೆ ದೋಣಿಗೂ ಜನರನ್ನು ಸಾಗಿಸುವ ದೋಣಿಗೂ ಜಿಎಸ್‌ಟಿ ಶೇಕಡಾ 5. ಅದೇ ವಿಹಾರ ಮತ್ತು ಕ್ರೀಡೆಯ ನೌಕೆಯೆಂದಾದರೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40, ಅದಕ್ಕೆ ಮೊದಲು 28 ಇತ್ತು. ಮೊದಲ ಗುಂಪಿನ ನೌಕೆಗಳ ಭಾಗಗಳಿಗೂ ಶೇಕಡಾ 5 ಎಂದಿದೆ, ವಿಹಾರ ನೌಕೆಯ ಭಾಗಗಳಿಗೆ ಆ ರಿಯಾಯಿತಿ ಇಲ್ಲ. ಈಗ ಪಂಪು ಎಂಬುದು ದೋಣಿಯ ಭಾಗವೋ, ಅಥವಾ ಶೇಕಡಾ 18ರ ಸಾಮಾನ್ಯ ಪಂಪೋ? ಒಬ್ಬ ಅಂಗಡಿಯವರು ಗಿರಾಕಿ ಮೀನುಗಾರರೆಂದು ನೋಡಿ 5ರ ಬಿಲ್ಲು ಬರೆಯುತ್ತಾರೆ, ಪಕ್ಕದವರು ಮುಂದೆ ನೋಟಿಸು ಬಂದೀತೆಂಬ ಹೆದರಿಕೆಯಿಂದ 18ರದ್ದನ್ನೇ ಬರೆಯುತ್ತಾರೆ. ತೆರಿಗೆ ಪ್ರಾಧಿಕಾರಗಳ ಮುಂದೆ ಇಂಥ ತಕರಾರುಗಳು ನಡೆದಿವೆ. ನಿಮ್ಮ ದೋಣಿಯ ನೋಂದಣಿ ಯಾವ ಬಗೆಯದೆಂಬ ಕಾಗದವನ್ನು ಜೊತೆಗೆ ಒಯ್ದು, ಎರಡೂ ಕಡೆ ತೆರಿಗೆಯಿಲ್ಲದ ಮೂಲ ಬೆಲೆಯನ್ನು ಕೇಳಿದರೆ ಮಂಗಳೂರು ಮತ್ತು ಕೊಚ್ಚಿಯ ನಡುವಿನ ಗೊಂದಲ ಅರ್ಧ ಕರಗೀತು.

ಉಳಿದರ್ಧ ವ್ಯಾಪಾರದ ರೀತಿಯದ್ದು. ಕರ್ನಾಟಕ–ಕೇರಳ ಗಡಿಯ ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಿ ನಿಲ್ಲುತ್ತಿದ್ದ ಕಾಲದಲ್ಲಿ ಎರಡು ರಾಜ್ಯಗಳ ತೆರಿಗೆಯೇ ಬೆಲೆಯನ್ನು ಬೇರೆ ಮಾಡುತ್ತಿತ್ತು. 2017ರ ಜುಲೈ 1ರ ಬಳಿಕ ಆ ಕಾರಣ ಹೋಗಿದೆ. ಈಗಿರುವುದು ವಹಿವಾಟಿನ ಗಾತ್ರ ಮತ್ತು ಸಾಲ. ಮಂಗಳೂರಿನ ಅಂಗಡಿಗಳು ಬೋಟಿನವರಿಗೆ ಸೀಸನ್ ಮುಗಿಯುವವರೆಗೆ ಕಡ ಕೊಡುತ್ತವೆ. ಮೀನು ಸಿಗದ ವರ್ಷ ಆ ದುಡ್ಡು ಬರುವುದೇ ಇಲ್ಲ. ಆ ನಷ್ಟದ ಪಾಲನ್ನು ರೊಕ್ಕ ಎಣಿಸಿ ಕೊಡುವ ನಿಮ್ಮಂಥವರ ಬೆಲೆಯಲ್ಲೂ ಸೇರಿಸಿರುತ್ತಾರೆ. ಆದ್ದರಿಂದ ನಗದಿಗೆ ಎಷ್ಟು ಎಂದು ಬೇರೆಯಾಗಿ ಕೇಳಿ, ಸಂಕೋಚ ಬೇಡ. ಕರ್ನಾಟಕದಲ್ಲಿ ಜೂನ್ ಮತ್ತು ಜುಲೈ, ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಎಲ್ಲ ಬೋಟುಗಳೂ ಏಕಕಾಲದಲ್ಲಿ ದುರಸ್ತಿಗೆ ಕೂರುವ ಜುಲೈಯಲ್ಲಿ ನೀವೂ ಹೋಗಿ ನಿಂತರೆ ಚೌಕಾಸಿಗೆ ಯಾರಿಗೂ ಪುರಸೊತ್ತಿರುವುದಿಲ್ಲ. ಕೇರಳದ ಮೀನುಗಾರರ ಸಹಕಾರಿ ಒಕ್ಕೂಟವಾದ ಮತ್ಸ್ಯಫೆಡ್‌ನ ವ್ಯಾಸ ಸ್ಟೋರುಗಳಲ್ಲಿ ಇಂಜಿನ್, ಬಲೆ, ಹಗ್ಗ ಸಿಗುವುದಾದರೂ ಅದು ಮೀನುಗಾರರನ್ನು ಮನಸ್ಸಿನಲ್ಲಿಟ್ಟು ನಡೆಸುವ ವ್ಯವಸ್ಥೆ. ಅಲ್ಲಿನ ದರವನ್ನು ಸಬ್ಸಿಡಿ ಇಲ್ಲದ ದರದೊಂದಿಗೆ ಹೋಲಿಸಿ ಖಾಸಗಿ ಅಂಗಡಿಯವರನ್ನು ದೂರುವುದು ಸರಿಯಲ್ಲ.

ಫಿಶ್ ಫೈಂಡರಿನಂಥ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಕಂಪೆನಿಗಳೇ ದೇಶಕ್ಕೊಂದು ಬೆಲೆ ಇಡುತ್ತವೆ. ಅಮೆರಿಕದಲ್ಲಿ ಇಂತಿಷ್ಟಕ್ಕಿಂತ ಕಡಿಮೆ ದರವನ್ನು ಜಾಹೀರಾತಿನಲ್ಲಿ ತೋರಿಸಬಾರದೆಂದು ಅನೇಕ ತಯಾರಕರು ಮಾರಾಟಗಾರರಿಗೆ ಕಟ್ಟು ಹಾಕುತ್ತಾರೆ, ಅದಕ್ಕೇ ಅಲ್ಲಿನ ಹತ್ತು ಅಂಗಡಿಗಳಲ್ಲಿ ಒಂದೇ ಅಂಕಿ ಕಾಣುತ್ತದೆ. ಇಲ್ಲಿ ಅಂಥ ಉಪಕರಣ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾರಾಟವಾಗುವುದರಿಂದ ವಿತರಕರು ಪ್ರತಿಯೊಂದರ ಮೇಲೂ ಹೆಚ್ಚು ಲಾಭ ಇಡುತ್ತಾರೆ. ಇದು ಅವರ ತಪ್ಪೆನ್ನಲಾಗದು, ಆದರೆ ಚೌಕಾಸಿಗೆ ಜಾಗವಿರುವುದೂ ಇಲ್ಲಿಯೇ. ಅಮೆರಿಕದ ಮಾದರಿಯಲ್ಲಿ ಬರುವ ನಕ್ಷೆಗಳು ಅಲ್ಲಿನ ಸರೋವರ ಮತ್ತು ಕರಾವಳಿಯವು. ನಮ್ಮ ಕಡಲಿನ ನಕ್ಷೆಗೆ ಬೇರೆ ಹಣ ತೆರಬೇಕು. ನೀರಿನೊಳಗಿಡುವ ಟ್ರಾನ್ಸ್‌ಡ್ಯೂಸರ್ ಆ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ನೋಡಿ. ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತವಾಗಿರುವುದು ಸಾಮಾನ್ಯ. ಹೊಳೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಗೆ ಆಳ ತೋರಿಸುವ ಸರಳ ಉಪಕರಣ ಸಾಕು; ಮೀನು ಹುಡುಕುವ ಬಣ್ಣದ ಪರದೆ ಏಕೆಂದು ನನಗೆ ಅರ್ಥವಾಗಲಿಲ್ಲ.

ಔಟ್‌ಬೋರ್ಡ್ ಇಂಜಿನ್ನನ್ನು ದೇಶಗಳ ನಡುವೆ ಹೋಲಿಸುವುದು ಎಲ್ಲಕ್ಕಿಂತ ಕಷ್ಟ. ಅಮೆರಿಕ ಮತ್ತು ಯುರೋಪಿನ ಹೊಗೆ ನಿಯಮಗಳಿಂದಾಗಿ ಅಲ್ಲಿ ಸಿಗುವುದು ಬಹುಮಟ್ಟಿಗೆ ನಾಲ್ಕು ಸ್ಟ್ರೋಕಿನವು. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಓಡುವುದು ಎರಡು ಸ್ಟ್ರೋಕಿನ, ಅನೇಕ ಕಡೆ ಸೀಮೆಎಣ್ಣೆಗೆಂದೇ ಮಾಡಿದ ಇಂಜಿನ್. ಅಶ್ವಶಕ್ತಿ ಒಂದೇ ಇದ್ದರೂ ಅವು ಬೇರೆ ಯಂತ್ರಗಳು, ಬೇರೆ ಬೆಲೆಗಳು.

ಭಾವನವರ ಕೈಯಲ್ಲಿ ತರಿಸುವ ವಿಚಾರಕ್ಕೆ ಬರುತ್ತೇನೆ. ಶಾಕಲ್, ಸ್ವಿಚ್ಚು, ದೀಪ, ಪಂಪಿನ ಬಿಡಿ ಮೋಟಾರು – ಇಂಥ ಸಣ್ಣ ಸಾಮಾನನ್ನು ಬ್ಯಾಗೇಜಿನ ಸುಂಕರಹಿತ ಮಿತಿಯೊಳಗೆ ಬಿಲ್ಲಿನ ಸಮೇತ ತರುವುದರಲ್ಲಿ ಅರ್ಥವಿದೆ. ಕೊರಿಯರಿನಲ್ಲಿ ಉಡುಗೊರೆಯೆಂದು ಕಳುಹಿಸಿದರೆ ಸುಂಕ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2019ರ ಡಿಸೆಂಬರಿನಲ್ಲಿ ಆ ದಾರಿ ಮುಚ್ಚಿದೆ. ರಾಖಿಗೆ ವಿನಾಯಿತಿ ಉಳಿಯಿತು, ಪಂಪಿಗೆ ಉಳಿಯಲಿಲ್ಲ. ಅಪಾಯದ ಸಂಕೇತಕ್ಕೆ ಹಚ್ಚುವ ಫ್ಲೇರುಗಳು ಸ್ಫೋಟಕ ವರ್ಗಕ್ಕೆ ಸೇರಿದವು, ವಿಮಾನದಲ್ಲಿ ಒಯ್ಯುವಂತಿಲ್ಲ. ಅವುಗಳ ಬೆಲೆ ಊರೂರಿಗೆ ಬದಲಾಗುವುದಕ್ಕೂ ಈ ಸಾಗಣೆಯ ನಿರ್ಬಂಧವೇ ಕಾರಣ. ಗಾಳಿ ತುಂಬಿಕೊಳ್ಳುವ ಜಾಕೆಟ್ಟಿನಲ್ಲಿ ಅನಿಲದ ಪುಟ್ಟ ಸಿಲಿಂಡರ್ ಇರುವುದರಿಂದ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಉಪಗ್ರಹ ಫೋನನ್ನು ಮಾತ್ರ ಯಾವ ಕಾರಣಕ್ಕೂ ತರಿಸಬೇಡಿ: ದೂರಸಂಪರ್ಕ ಇಲಾಖೆಯ ಪೂರ್ವಾನುಮತಿಯಿಲ್ಲದೆ ಅದನ್ನು ಭಾರತಕ್ಕೆ ತರುವುದು ಅಪರಾಧವಾಗುತ್ತದೆ, ವಿಮಾನ ನಿಲ್ದಾಣದಲ್ಲೇ ಭಾವನವರು ಸಿಕ್ಕಿಬೀಳುತ್ತಾರೆ. ದೋಣಿಯ ವೈರ್‌ಲೆಸ್ ಸೆಟ್ಟಿಗೂ ಪರವಾನಗಿ ಬೇಕು.

ಪಂಪನ್ನು ನಾನಾದರೆ ಮಂಗಳೂರಿನಲ್ಲೇ ಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ರಾತ್ರಿ ಸುರಿದ ನೀರು ಬೆಳಿಗ್ಗೆ ದೋಣಿ ತುಂಬಿರುವಾಗ ಪಂಪು ಕೆಟ್ಟರೆ, ಒಂದೂವರೆ ಗಂಟೆಯ ದಾರಿಯಲ್ಲಿ ಅದೇ ಮಾದರಿಯ ಮೋಟಾರು ಕೊಡುವ ಅಂಗಡಿಯಿರುವುದಕ್ಕೆ ನೀವು ಸ್ವಲ್ಪ ಹೆಚ್ಚು ಹಣ ತೆತ್ತದ್ದು ವ್ಯರ್ಥವಲ್ಲ. ಬಿಡಿ ಮೋಟಾರು ದಾಸ್ತಾನಿದೆಯೇ ಎಂದು ಕೊಳ್ಳುವ ದಿನವೇ ಕೇಳಿ, ಇಲ್ಲವೆಂದರೆ ಆ ಹೆಚ್ಚಿನ ಹಣವನ್ನು ಕೊಡಬೇಕಾಗಿಲ್ಲ. ಇಂಜಿನ್ ಕೊಳ್ಳುವ ಮೊದಲು ದೋಣಿಯ ಹಿಂಬದಿ ಹಲಗೆಯ ಎತ್ತರವನ್ನು ಅಳೆಯಿರಿ. ಗಿಡ್ಡ ಶಾಫ್ಟಿನದು 15 ಇಂಚಿನ ಹಲಗೆಗೆ, ಉದ್ದ ಶಾಫ್ಟಿನದು 20 ಇಂಚಿನದಕ್ಕೆ. ಗಲ್ಫಿನಿಂದ ಅಗ್ಗವಾಗಿ ಸಿಕ್ಕಿತೆಂದು ಗಿಡ್ಡ ಶಾಫ್ಟಿನ ಇಂಜಿನ್ ತರಿಸಿದ ಒಬ್ಬರ ದೋಣಿಯಲ್ಲಿ ಪ್ರೊಪೆಲರ್ ಅರ್ಧ ಗಾಳಿಯಲ್ಲೇ ತಿರುಗುತ್ತಿತ್ತು. ಹಲಗೆಯನ್ನು ಕೊಯ್ದು ತಗ್ಗಿಸುವುದಕ್ಕೆ ಅವರು ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು. ಆ ಅಳತೆಯನ್ನೂ ಪಂಪಿನ ಮಾದರಿ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು, ಅದೇ ಚೀಟಿಯನ್ನು ನಾಲ್ಕೂ ಕಡೆ ತೋರಿಸಿ ಮತ್ತೊಮ್ಮೆ ದರ ಕೇಳಿ ನೋಡಿ.